ಬ್ಯಾಟರಿ ‘ಇಳೀಲತ್ತದ’, ‘ಎಳೀಲತ್ತದ’: ನಿಂತ ಗಾಡಿಯ ಕರೆಂಟ್ ಖರ್ಚಿಗೆ ಏನನ್ನೋಣ?

ಗಾಡಿ ಬಂದ್ ಮಾಡಿ, ಚಾವಿ ತೆಗೆದು, ಬಾಗಿಲು ಹಾಕಿ ಹೋದ ಮೇಲೂ ಬ್ಯಾಟರಿಯಿಂದ ಒಂದಿಷ್ಟು ಕರೆಂಟ್ ಹೋಗುತ್ತಲೇ ಇರುತ್ತದಲ್ಲ, ಅದಕ್ಕೆ ಬಳಕೆಯಲ್ಲಿರುವ ಕನ್ನಡ ಪದ ಯಾವುದು? ಇಂಗ್ಲಿಷಿನಲ್ಲಿ ‘ಪ್ಯಾರಾಸಿಟಿಕ್ ಡ್ರೈನ್’ ಅನ್ನುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗಾಗಿ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಈ ಪದದ ಹತ್ತಿರ ಕೈ ನಿಂತಿದೆ.

ಕಲಬುರಗಿಯ ಗ್ಯಾರೇಜುಗಳಲ್ಲಿ ಹೆಚ್ಚು ಕಿವಿಗೆ ಬೀಳುವ ಮಾತು ‘ಬ್ಯಾಟ್ರಿ ಕುಂತದ’ (ಕೂತಿದೆ). ಚಾವಿ ತಿರುವಿದರೆ ಬರೀ ‘ಟಕ್’ ಅಂದು ಸುಮ್ಮನಾಗುವ ಸ್ಥಿತಿ ಅದು. ಈ ಕಡೆಯ ಉರ್ದುವಾದ ದಖನಿಯ ‘ಬೈಠ್ ಗಈ’ (ಕೂತುಬಿಟ್ಟಿತು) ಎಂಬುದರಿಂದ ಬಂದಿರಬೇಕು ಅಂತ ನನ್ನ ಊಹೆ. ಇಲ್ಲಿನ ಮೆಕ್ಯಾನಿಕ್ ಒಂದೇ ಉಸಿರಿನಲ್ಲಿ ಎರಡೂ ಭಾಷೆ ಆಡುವವನು. ಆದರೆ ಅದು ಆದದ್ದನ್ನು ಹೇಳುವ ಮಾತೇ ಹೊರತು ಯಾಕಾಯಿತು ಅನ್ನುವುದಕ್ಕೆ ಒದಗುವುದಿಲ್ಲ. ಯಾಕೆ ಅನ್ನುವಲ್ಲಿ ‘ಇಳೀಲತ್ತದ’ (ಇಳಿಯುತ್ತಿದೆ), ‘ಎಳೀಲತ್ತದ’ (ಎಳೆಯುತ್ತಿದೆ) ಅನ್ನುವ ಎರಡು ಕ್ರಿಯಾಪದಗಳಿವೆ. ಒಂದೇ ಸ್ವರದ ವ್ಯತ್ಯಾಸ, ಆದರೆ ರಿಪೇರಿಯ ದಾರಿಯೇ ಬೇರೆಯಾಗುತ್ತದೆ.

ನಮ್ಮ ಕಾಕಾ ಬೇಳೆ ಚೀಲ ಸಾಗಿಸಲು ಹಳೆ ವ್ಯಾನೊಂದನ್ನು ಕೊಂಡರು. ಎರಡು ದಿನ ನಿಲ್ಲಿಸಿದರೆ ಮೂರನೆಯ ದಿನ ತಳ್ಳಬೇಕು. ಹೋದ ಅಂಗಡಿಯಲ್ಲೆಲ್ಲ ‘ಬ್ಯಾಟ್ರಿ ಇಳೀಲತ್ತದ್ರಿ’ ಅಂದರು. ಹಾಗಂದರೆ ಕೇಳುವವನ ಕಣ್ಣು ಬ್ಯಾಟರಿ ಮೇಲೇ ಹೋಗುತ್ತದೆ, ಕರ್ತೃಪದ ಅದೇ ತಾನೆ! ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಅದೂ ಕುಂತಿತು. ಕಡೆಗೆ ಆಳಂದ ರಸ್ತೆ ಕಡೆಯ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಕೇಳಿದ್ದು ಇಷ್ಟೇ: ‘ಅದೇ ಇಳೀಲತ್ತದೋ, ಏನರೆ ಎಳೀಲತ್ತದೋ?’

‘ಎಳೆ’ ಸಕರ್ಮಕ, ಎಳೆಯುವುದೊಂದು ಇರಲೇಬೇಕು. ಅವರು ಅದನ್ನೇ ಹುಡುಕಿದರು. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಯ ಕಡ್ಡಿಗೂ (ಟರ್ಮಿನಲ್) ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಸೇರಿಸಿದರು. (ಹೀಗಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಜು ಹೋಗುತ್ತದೆ.) ಗಾಡಿಯೊಳಗಿನ ಕಂಪ್ಯೂಟರ್ ಮಲಗುವ ತನಕ ಸುಮಾರು ಅರ್ಧ ಗಂಟೆ ಬಿಟ್ಟರು. ಆಮೇಲೆ 0.05 ಆಂಪಿಯರಿನೊಳಗೆ ಇರಬೇಕಾದ ಅಂಕಿ 0.6ರಲ್ಲೇ ನಿಂತಿತ್ತು. ಆ ಬ್ಯಾಟರಿ 35 ಆಂಪಿಯರ್-ಅವರಿನದು, ಅಂದರೆ ಲೆಕ್ಕಕ್ಕೆ ಒಂದು ಆಂಪಿಯರಿನಂತೆ ಎಳೆದರೆ 35 ತಾಸು ಬರುವಂಥದು. ತುಂಬಿದ್ದರೂ 0.6ರಂತೆ ಸುಮಾರು 58 ತಾಸಿಗೆ ಖಾಲಿ, ಸೆಲ್ಫ್ ತಿರುಗದಂತಾಗುವುದು ಅದಕ್ಕಿಂತ ಮೊದಲೇ.

ಒಂದೊಂದೇ ಫ್ಯೂಜು ಕಿತ್ತು ಮೀಟರ್ ನೋಡುತ್ತ ಹೋದರೆ ಯಾವುದಕ್ಕೂ ಅಂಕಿ ಇಳಿಯಲೊಲ್ಲದು. ಅಂದರೆ ಎಳೆಯುವ ಕರೆಂಟ್ ಫ್ಯೂಜ್ ಬಾಕ್ಸಿನ ಮೂಲಕ ಹೋಗುತ್ತಲೇ ಇಲ್ಲ. ಪಾಸಿಟಿವ್ ಕಡ್ಡಿಗೆ ಕಂಪನಿ ವೈರಿನ ಜೊತೆ ಇನ್ನೊಂದು ಕೆಂಪು ವೈರು ಸುತ್ತಿತ್ತು. ಅದರ ಬೆನ್ನು ಹತ್ತಿದರೆ ಮ್ಯಾಟಿನ ಅಡಿಯಿಂದ ಹಿಂದಿನ ಸೀಟಿನ ಕೆಳಗೆ, ಹಳೆ ಮಾಲೀಕ ಕೂಡಿಸಿದ್ದ, ಹಾಡಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರಿಗೆ. ಹಾಡಿನ ಸೆಟ್ ಚಾಲೂ ಆದಾಗ ಮಾತ್ರ ಅದನ್ನು ಎಬ್ಬಿಸಬೇಕಾದ ಸಣ್ಣ ನೀಲಿ ವೈರನ್ನು ಯಾರೋ ನೇರ ಬ್ಯಾಟರಿ ಲೈನಿಗೇ ಹೊಸೆದು ಟೇಪು ಸುತ್ತಿದ್ದರು. ಹಾಡಿಲ್ಲದಿದ್ದರೂ ಹಗಲೂ ರಾತ್ರಿ ಎಚ್ಚರ. ಮುಟ್ಟಿದರೆ ಡಬ್ಬಿ ಬೆಚ್ಚಗಿತ್ತು. ಬಿಚ್ಚಿದ ಕೂಡಲೇ ಮೀಟರು 0.02ಕ್ಕೆ ಬಂತು.

ಇದಕ್ಕೊಂದು ನಾಮಪದ ಬೇಕು. ‘ಸೋರಿಕೆ’ ಮೊದಲು ನೆನಪಾಗುತ್ತದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಪತ್ರಿಕೆಗಳಲ್ಲಿ ‘ವಿದ್ಯುತ್ ಸೋರಿಕೆ’ ಎಂದರೆ ಲೈನಿನಲ್ಲಿ ಕಳೆದದ್ದು, ಕದ್ದದ್ದು ಎಂದಾಗಿಬಿಟ್ಟಿದೆ. ಬ್ಯಾಟರಿಯಲ್ಲೇ ನಿಜವಾದ ಸೋರಿಕೆ ಬೇರೆ ಇದೆ: ಮೇಲೆ ಆಸಿಡ್ ಕಲೆತ ಧೂಳು ಕೂತು ಎರಡು ಕಡ್ಡಿಗಳ ನಡುವೆ ಕರೆಂಟ್ ಹರಿಯುವುದು. ಯಾರೂ ಎಳೆಯದೆ, ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಯಿಂದಲೇ ಚಾರ್ಜ್ ತಗ್ಗುವುದೂ ಉಂಟು. ನಮ್ಮ ಕಡೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದು ಇನ್ನೂ ಜೋರು. ‘ಇಳಿತ’ ಎಂಬ ಪದವನ್ನು ಅದಕ್ಕೇ ಮೀಸಲಿಡಬಹುದು.

‘ಪರಾವಲಂಬಿ ಹರಿವು’ ಅಂತ ಗೆಳೆಯರೊಬ್ಬರು ಸೂಚಿಸಿದರು. ಗ್ಯಾರೇಜಿನಲ್ಲಿ ನಿಂತು ಇದನ್ನು ಹೇಳಿ ನೋಡಿ! ಮಾವಿನ ಟೊಂಗೆ ಹಿಡಿದು ರಸ ಹೀರುವ ಗಿಡ ‘ಬದನಿಕೆ’ಯನ್ನು ಇನ್ನೊಬ್ಬರು ನೆನಪಿಸಿದರು. ಪದ ಚೆಂದ. ತೊಡಕೇನೆಂದರೆ ಗಡಿಯಾರ, ರೇಡಿಯೋ ನೆನಪು, ಕಳ್ಳರ ಅಲಾರಂ ಇವೂ ನಿಂತ ಗಾಡಿಯಲ್ಲಿ ಕರೆಂಟ್ ತಗೊಳ್ಳುತ್ತವೆ, ಮತ್ತು ತಗೋಬೇಕು. ಅವನ್ನೆಲ್ಲ ಬದನಿಕೆ ಅಂದರೆ ಓದುಗ ಸುಮ್ಮನೆ ಗಾಬರಿಯಾಗಿ ಒಳ್ಳೆ ವೈರನ್ನೂ ಕಿತ್ತಾನು.

ಸದ್ಯಕ್ಕೆ ನನ್ನ ಒಲವು ‘ಸೆಳವು’ ಕಡೆಗೆ. ‘ಸೆಳೆ’ ಎಂದರೂ ಎಳೆಯುವುದೇ. ಭೀಮಾ ನದಿಯ ಸೆಳವು ಅಂದಾಗ ಹರಿವಿನ ಅರ್ಥವೂ ಕೂಡಿಕೊಳ್ಳುತ್ತದೆ. ‘ನಿಂತಾಗಿನ ಸೆಳವು 0.05 ಆಂಪಿಯರ್ ಮೀರಬಾರದು’ ಎಂಬ ವಾಕ್ಯ ನನ್ನ ಕಿವಿಗೆ ಸರಿಯಾಗಿದೆ. ಆದರೆ ಸೆಳವು ಅಂದರೆ ಮೈಕೈ ಹಿಡಿಯುವುದು ಅಂತ ಮೊದಲು ತಿಳಿಯುವ ಕಡೆ ಇದು ನಗೆಗೆ ಈಡಾದೀತೇ? ಅಲ್ಲಿ ‘ಎಳೆತ’ವೇ ವಾಸಿಯೇ?

ಬೀದರ್ ಕಡೆ, ಯಾದಗಿರಿ-ಶಹಾಪುರ ಕಡೆ ಮೆಕ್ಯಾನಿಕರು ಏನನ್ನುತ್ತಾರೆ ತಿಳಿದವರು ಹೇಳಬೇಕು. ಬರೀ ಪದ ಬೇಡ, ಅವರು ಆಡಿದ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ. ಕರ್ತೃಪದ ಬ್ಯಾಟರಿಯೋ ಬೇರೆಯದೋ ಅನ್ನುವುದು ನನಗೆ ಮುಖ್ಯ. ಟ್ರ್ಯಾಕ್ಟರ್ ರಿಪೇರಿಯವರ ಬಳಿ ಬೇರೆ ಪದವಿದ್ದರೆ ಅದೂ ಬರಲಿ.