ಅಪ್‌ಡೇಟ್: ರೂಮಲ್ಲೇ ಕೂರದೆ ಊರು ಸುತ್ತಿ ಬಂದ್ವಿ

ಎರಡು ದಿನ ಸಿಟಿ ಹೋಟೆಲಲ್ಲಿ ಇರ್ತೀವಿ, ಊಟ, ಕಾರ್ಯಕ್ರಮ, ಓಡಾಟಕ್ಕೆ ಏನ್ ಮಾಡೋದು ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ರಿ. ಹೋಗಿ ಬಂದಾಯ್ತು.

"ರಿಸೆಪ್ಷನ್‌ನಲ್ಲಿ ಎಲ್ಲಿ ಊಟ ಚೆನ್ನಾಗಿದೆ ಅಂತ ಕೇಳಬೇಡಿ, ಡ್ಯೂಟಿ ಮುಗಿದ ಮೇಲೆ ನೀವೆಲ್ಲಿ ತಿಂತೀರಿ ಅಂತ ಕೇಳಿ" ಅಂತ ಒಬ್ರು ಅಂದಿದ್ರಲ್ಲ, ಅವರಿಗೆ ದೊಡ್ಡ ನಮಸ್ಕಾರ. ನಾನು ಮೊದಲು ಮಾಮೂಲಿ ಪ್ರಶ್ನೆನೇ ಕೇಳಿದೆ, ಕೈಗೆ ಬಂದಿದ್ದು ಬಣ್ಣಬಣ್ಣದ ಒಂದು ಕರಪತ್ರ. ಎರಡನೇದು ಕೇಳಿದಾಗ ಆ ಹುಡುಗ ನಕ್ಕು, ಹಳೇ ಬಿಲ್ಲಿನ ಹಿಂದೆ ಪೆನ್ನಲ್ಲಿ ದಾರಿ ಗೀಚಿಕೊಟ್ಟ. ಹಿಂದಿನ ಗಲ್ಲಿ, ಬೋರ್ಡಿಲ್ಲ, ನಾಲ್ಕೇ ಟೇಬಲ್, ಮುಟ್ಟಕ್ಕಾಗದಷ್ಟು ಬಿಸಿ ತಟ್ಟೆ. ಎರಡು ರಾತ್ರಿನೂ ಅಲ್ಲೇ ಉಂಡ್ವಿ.

ಕಾರ್ಯಕ್ರಮದಲ್ಲಿ ಮಾತ್ರ ಎಡವಿದ್ವಿ. ಲಿಫ್ಟ್ ಪಕ್ಕದ ಪೋಸ್ಟರ್ ನಂಬಿ ಹೋದ್ರೆ ಅದು ಹಿಂದಿನ ತಿಂಗಳದ್ದು! ತಾರೀಖು ನೋಡದೆ ಹೊರಟಿದ್ದು ನಮ್ಮದೇ ತಪ್ಪು, ಯಾರನ್ನ ಬೈಯೋದು.

ಬಾಡಿಗೆ ಸೈಕಲ್ ಸಲಹೆ ಚೆನ್ನಾಗಿತ್ತು. ಆದ್ರೆ ಸೀಟು ತೀರಾ ಕೆಳಗಿದ್ದಿದ್ದು ನೋಡ್ಕೊಳ್ಳದೆ ಹೊರಟೆ, ಅರ್ಧ ಗಂಟೇಲಿ ಮಂಡಿ ಹಿಡ್ಕೊಳ್ತು. ಸೊಂಟದ ಮಟ್ಟಕ್ಕೆ ಏರಿಸಿದ ಮೇಲೆ ಸರಿ ಹೋಯ್ತು.

ಕೊನೇ ದಿನ ಚೆಕ್‌ಔಟ್ ಆದ್ಮೇಲೂ ಬ್ಯಾಗಿಗೆ ಚೀಟಿ ಕಟ್ಟಿ ಒಳಗಿಟ್ಕೊಂಡ್ರು. ಸಂಜೆ ರೈಲಿನವರೆಗೂ ಕೈ ಬೀಸ್ಕೊಂಡು ತಿರುಗಿದ್ವಿ.