ಕಾನ್ಸಂಟ್ರೇಶನ್ ಕ್ಯಾಂಪ್‌ಗೆ ‘ಯಾತನಾ ಶಿಬಿರ’ ಸಾಕಾ?

ಗೆಳೆಯರೇ,

ಹೋದ ವಾರ ಅಣ್ಣನ ಮಗಳು ಹಿಟ್ಲರ್ ಪಾಠ ಓದುತ್ತಾ ಕೂತಿದ್ದಳು. ಒಂಬತ್ತನೇ ಕ್ಲಾಸು. ‘ಚಿಕ್ಕಪ್ಪ, ಕಾನ್ಸಂಟ್ರೇಶನ್ ಕ್ಯಾಂಪಲ್ಲಿ ಏನು ಓದಿಸ್ತಿದ್ರು?’ ಅಂತ ಕೇಳಿದಳು. ಅವಳ ತಪ್ಪಲ್ಲ. ಮನೆಯಲ್ಲಿ ಆ ಪದ ಅವಳ ಕಿವಿಗೆ ಬೀಳುವುದೇ ‘ಓದಿನಲ್ಲಿ ಕಾನ್ಸಂಟ್ರೇಶನ್ ಇಲ್ಲ’ ಅಂತ ಬೈಯುವಾಗ. ಶಿಬಿರ ಅಂದರೂ ಅಷ್ಟೇ, ಬೇಸಿಗೆ ಶಿಬಿರ, ರಕ್ತದಾನ ಶಿಬಿರ, ಕಣ್ಣು ತಪಾಸಣೆ ಶಿಬಿರ.

‘ಯಾತನಾ ಶಿಬಿರ’ ಅಂತ ಹೇಳಿಕೊಟ್ಟೆ. ಆದರೆ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಒಳಗೆ ಏನಾಯಿತು ಅಂತ ಈ ಪದ ಹೇಳುತ್ತದೆ, ಜನ ಒಳಗೆ ಹೇಗೆ ಬಂದರು ಅಂತ ಹೇಳುವುದಿಲ್ಲ. ಮೂಲ ಪದ ಹೇಳುವುದು ಅದನ್ನೇ, ಚದುರಿದ್ದ ಜನರನ್ನು ಒಂದು ಕಡೆ ತಂದು ಸೇರಿಸುವುದು. 1896ರಲ್ಲಿ, ಆಗ ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದಲ್ಲಿ ಸ್ಪೇನಿನ ಜನರಲ್ ವೆಯ್ಲರ್, ಬಂಡಾಯಗಾರರಿಗೆ ಹಳ್ಳಿಗಳಿಂದ ಊಟ ಸಿಗಬಾರದು ಅಂತ ಹಳ್ಳಿಗರನ್ನೇ ಎಬ್ಬಿಸಿ ಕಾವಲಿದ್ದ ಊರುಗಳಲ್ಲಿ ತುಂಬಿದ. ನಾಲ್ಕು ವರ್ಷ ಕಳೆದು ಬ್ರಿಟಿಷರು ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಜೊತೆ ಯುದ್ಧಕ್ಕಿಳಿದಿದ್ದ ಬೋಯರ್ (ಅಲ್ಲಿ ನೆಲೆಸಿದ್ದ ಡಚ್ ಮೂಲದ) ರೈತರ ಮನೆ, ಬೆಳೆ ಸುಟ್ಟು ಹೆಂಗಸರು ಮಕ್ಕಳನ್ನು ಡೇರೆಗಳಿಗೆ ಸಾಗಿಸಿದರು. ಮೊದಲು ಅದಕ್ಕೆ ಅವರು ಕೊಟ್ಟ ಹೆಸರು ನಿರಾಶ್ರಿತರ ಶಿಬಿರ. ಮನೆ ಸುಟ್ಟವರೇ ಇಟ್ಟ ಹೆಸರು!

ಅಲ್ಲಿನ ಬ್ಲೂಮ್‌ಫಾಂಟೇನ್ ಶಿಬಿರದಲ್ಲಿದ್ದ ಲಿಝಿ ವಾನ್ ಝೈಲ್ ಅನ್ನುವ ಏಳು ವರ್ಷದ ಹುಡುಗಿಯ ಫೋಟೋ ಒಂದಿದೆ. ಬರೀ ಮೂಳೆ, ಚರ್ಮ. ಅಪ್ಪ ಶರಣಾಗಿಲ್ಲ ಅಂತ ಆ ಮನೆಯವರಿಗೆ ರೇಷನ್ ಕಡಿಮೆ ಕೊಟ್ಟಿದ್ದರು. 1901ರಲ್ಲಿ ಎಮಿಲಿ ಹಾಬ್‌ಹೌಸ್ ಅನ್ನುವ ಇಂಗ್ಲಿಷ್ ಸಮಾಜ ಸೇವಕಿ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದು ಇಂಗ್ಲೆಂಡಿನಲ್ಲಿ ಹೇಳಿದ ಮೇಲೆ ಗದ್ದಲ ಎದ್ದಿತು. ಸುಮಾರು 28,000 ಬೋಯರ್ ಜನ ಸತ್ತರು, ಜಾಸ್ತಿ ಮಕ್ಕಳೇ, ದಡಾರದಂಥ ಕಾಯಿಲೆಗೆ. ಕಪ್ಪು ಜನರಿಗೆ ಬೇರೆ ಶಿಬಿರಗಳಿದ್ದವು. ಅಲ್ಲಿ ಸತ್ತವರ ಲೆಕ್ಕವನ್ನೂ ಸರಿಯಾಗಿ ಇಡಲಿಲ್ಲ.

ಹಿಟ್ಲರನ ನಾಜಿಗಳ ಶಿಬಿರಗಳೂ ಎಲ್ಲ ಒಂದೇ ಅಲ್ಲ. 1933ರ ಮಾರ್ಚಿನಲ್ಲಿ ಜರ್ಮನಿಯ ಡಾಖಾವ್ ಶಿಬಿರ ಶುರುವಾದಾಗ ಅಲ್ಲಿ ಹಾಕಿದ್ದು ರಾಜಕೀಯ ವಿರೋಧಿಗಳನ್ನು, ಕೋರ್ಟು ವಿಚಾರಣೆ ಏನೂ ಇಲ್ಲದೆ. ಆಮೇಲೆ ನಾಜಿಗಳು ಹಿಡಿದಿದ್ದ ಪೋಲೆಂಡಿನ ಟ್ರೆಬ್ಲಿಂಕಾದಲ್ಲಿ ರೈಲಿನಿಂದ ಇಳಿದ ಯಹೂದಿಗಳಲ್ಲಿ ಹೆಚ್ಚಿನವರನ್ನು ಕೆಲವೇ ಗಂಟೆಗಳಲ್ಲಿ ಕೊಂದರು, ಒಟ್ಟು 7 ಲಕ್ಷಕ್ಕೂ ಜಾಸ್ತಿ ಜನ. ಅದನ್ನು ಯಾತನಾ ಶಿಬಿರ ಅಂದರೆ ಕಡಿಮೆ ಹೇಳಿದಂತೆ. ಕೊಲೆ ಶಿಬಿರ ಅಂತಲೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಕಡೆ, 1942ರಲ್ಲಿ ಅಮೆರಿಕ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ, ಕೆಲವರನ್ನು ಮೊದಲು ರೇಸ್‌ಕೋರ್ಸಿನ ಕುದುರೆ ಲಾಯಗಳಲ್ಲಿ ಮಲಗಿಸಿ, ಆಮೇಲೆ ಮುಳ್ಳುತಂತಿಯೊಳಗೆ ಇಟ್ಟಿತು. ಕಾಗದದಲ್ಲಿ ಅದು ಸ್ಥಳಾಂತರ ಕೇಂದ್ರ. ನಮ್ಮಲ್ಲೇ 1962ರ ಯುದ್ಧದ ಹೊತ್ತಿಗೆ ಚೀನೀ ಮೂಲದ ಸುಮಾರು 3,000 ಜನರನ್ನು, ಮುದುಕರು ಮಕ್ಕಳನ್ನೂ ಸೇರಿಸಿ, ರಾಜಸ್ಥಾನದ ದೇವಲಿಗೆ ಸಾಗಿಸಿದರು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಟ್ರೆಬ್ಲಿಂಕಾದ ಜೊತೆ ಇವನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಹಾಗಂತ ಸರ್ಕಾರ ಇಟ್ಟ ಮೆತ್ತನೆ ಹೆಸರನ್ನು ಸುಮ್ನೆ ಒಪ್ಪಿಕೊಳ್ಳುವುದೂ ತಪ್ಪು.

ನನಗೆ ಹೊಳೆದದ್ದು ‘ಕೂಡಿಹಾಕು’. ಅಜ್ಜಿ ದುಡ್ಡು ಕೂಡಿಹಾಕಿದಳು ಅನ್ನುತ್ತೇವೆ, ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿದರು ಅಂತಲೂ ಅನ್ನುತ್ತೇವೆ. ಒಟ್ಟು ಮಾಡುವುದು, ಹೊರಗೆ ಬಿಡದೆ ಇರುವುದು, ಎರಡೂ ಈ ಒಂದೇ ಮಾತಿನಲ್ಲಿವೆ. ಹಾಗಾದರೆ ‘ಕೂಡುಸೆರೆ’ ಅನ್ನಬಹುದಾ? ‘ದೊಡ್ಡಿ’ ಕೂಡ ನೆನಪಾಯಿತು, ಆದರೆ ಅದು ದನಗಳಿಗೆ ಇರುವ ಪದ, ಆ ಜನರಿಗೆ ಅದನ್ನು ಹಚ್ಚಲು ಮನಸ್ಸು ಬರಲಿಲ್ಲ. ‘ಕೂಡುಸೆರೆ’ ಅಂದರೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತಿಳಿಯುತ್ತದಾ? ನಿಮ್ಮ ಕಡೆ, ಅದರಲ್ಲೂ ಉತ್ತರ ಕರ್ನಾಟಕದವರು, ಇದಕ್ಕೆ ಹೊಂದುವ ಹಳೇ ಪದ ಏನಾದರೂ ಇದ್ದರೆ ತಿಳಿಸಿ.