ಸಹಾಯ ಬೇಕು: ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿಲ್ಲದ ತಾಯಿಯವರ ದುಬೈ ಪ್ರಯಾಣ

ಗುಂಪಿನ ಎಲ್ಲರಿಗೂ ಶರಣಾರ್ಥಿಗಳು. ನಾವು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನವರು. ದುಬೈಯಲ್ಲಿರುವ ನನ್ನ ತಂಗಿಯ ಬಾಣಂತನಕ್ಕಾಗಿ ನಮ್ಮ ತಾಯಿಯವರು ಭೇಟಿ ವೀಸಾದ ಮೇಲೆ ಹೈದರಾಬಾದ್‌ನಿಂದ ಹೊರಡಬೇಕಾಗಿದೆ. ಅವರ ಪಾಸ್‌ಪೋರ್ಟ್‌ನಲ್ಲಿ ಹೆಸರು ಒಂದೇ ಪದವಾಗಿದ್ದು, ಸರ್‌ನೇಮ್ ಎಂಬ ಸಾಲಿನ ಕೆಳಗೆ ಏನೂ ಅಚ್ಚಾಗಿಲ್ಲ. ಆಧಾರ್ ಮತ್ತು ಪಡಿತರ ಚೀಟಿಯಲ್ಲೂ ಹಾಗೆಯೇ ಇದೆ. ನಮ್ಮ ಭಾಗದ ಅವರ ವಯಸ್ಸಿನ ಎಷ್ಟೋ ತಾಯಂದಿರ ದಾಖಲೆಗಳು ಹೀಗೇ ಇರುತ್ತವೆ. ಆದರೆ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ಹಾಗೂ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಬಿಡುತ್ತಾರೆಂದು ಆಮೇಲೆ ಸ್ಪಷ್ಟಪಡಿಸಿದ್ದಾರೆ. ತಾಯಿಯವರ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ನಮ್ಮ ಅಜ್ಜನವರ (ಅವರ ತಂದೆ) ಮತ್ತು ನಮ್ಮ ತಂದೆಯವರ ಹೆಸರುಗಳಿವೆಯಾದರೂ, ಅಷ್ಟನ್ನೇ ನಂಬಿ ವಯಸ್ಸಾದವರನ್ನು ಒಬ್ಬರೇ ಕಳಿಸಿ, ಕೌಂಟರ್‌ನಲ್ಲಿ ತಡೆದರೆ ಅವರು ಯಾರನ್ನು ಕೇಳಬೇಕು ಎಂಬುದೇ ನನ್ನ ಚಿಂತೆ.

ಆದ್ದರಿಂದ ಮನೆತನದ ಅಡ್ಡಹೆಸರನ್ನು ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕೆಂದಿದ್ದೇವೆ. ಮೊದಲು ಆಧಾರ್ ತಿದ್ದಿಸಬೇಕೇ? ಅದಕ್ಕೆ ಗೆಜೆಟ್ ಪ್ರಕಟಣೆ ಕೇಳಿದರೇ, ಅಥವಾ ತಂದೆಯವರ ದಾಖಲೆ ಮತ್ತು ಅಫಿಡವಿಟ್ ಸಾಕಾಯಿತೇ? ಕಲಬುರಗಿ, ಬೀದರ್ ಕಡೆ ಇತ್ತೀಚೆಗೆ ಈ ಕೆಲಸ ಮಾಡಿಸಿಕೊಂಡವರು ದಯವಿಟ್ಟು ತಿಳಿಸಿರಿ.

ಇನ್ನೊಂದು ವಿಷಯ. ತಾಯಿಯವರು ಹತ್ತನೇ ತರಗತಿ ಪಾಸಾಗಿಲ್ಲದ ಕಾರಣ ಪಾಸ್‌ಪೋರ್ಟ್ ಇಸಿಆರ್ (ಕೆಲವು ದೇಶಗಳಿಗೆ ದುಡಿಯಲು ಹೋಗುವ ಮೊದಲು ಸರ್ಕಾರದ ವಲಸೆ ಅನುಮತಿ ಬೇಕಾಗುವ) ವರ್ಗದ್ದಾಗಿದೆ. ಆ ನಿರ್ಬಂಧ ದುಡಿಯಲು ಹೋಗುವವರಿಗೆ ಮಾತ್ರವೆಂಬುದು ಗೊತ್ತಿದ್ದರೂ, ಇಮಿಗ್ರೇಷನ್‌ನಲ್ಲಿ ಪ್ರಶ್ನಿಸಿದರೆ ತೋರಿಸಲು ಹಿಂತಿರುಗುವ ಟಿಕೆಟ್ ಮತ್ತು ತಂಗಿಯ ವೀಸಾ ಪ್ರತಿಯ ಜೊತೆಗೆ ಬೇರೆ ಯಾವ ಕಾಗದಗಳನ್ನು ಕೊಟ್ಟು ಕಳಿಸಬೇಕೆಂಬುದನ್ನೂ, ತಾಯಂದಿರನ್ನು ಹೀಗೆ ಕಳಿಸಿದ ಅನುಭವವಿರುವವರು ಹೇಳಬೇಕಾಗಿ ವಿನಂತಿ.